ಒಂದು ಗ್ಲೌಸು, ಒಂದೇ ಕೈ

ನಮ್ಮ ಶಾಲೆಗೆ ಬೇಸ್‌ಬಾಲ್ ಬಂದದ್ದು ಗೋಣಿಚೀಲದಲ್ಲಿ. ಯಾರೂ ಬೇಕೆಂದು ಕೇಳಿರಲಿಲ್ಲ. ಇಲಾಖೆಯವರು ಆಟದ ಸಾಮಾನು ಹಂಚಿದ ದಿನ ನನ್ನ ಬಸ್ಸು ಕೈಕೊಟ್ಟಿತ್ತು. ನಾನು ಮುಟ್ಟುವಷ್ಟರಲ್ಲಿ ಉಳಿದ ಶಾಲೆಗಳವರು ವಾಲಿಬಾಲ್ ನೆಟ್ಟು, ಕೇರಂ ಬೋರ್ಡು ಎಲ್ಲ ಎತ್ತಿಕೊಂಡು ಹೋಗಿ, ಮೂಲೆಯಲ್ಲಿ ಅದೊಂದು ಚೀಲ ಉಳಿದಿತ್ತು. "ಇರೂದ ಇದೊಂದ ನೋಡ್ರಿ ಮೇಡಂ, ಬೇಕಂದ್ರ ಒಯ್ರಿ" ಎಂದರು. ಬರಿಗೈಯಲ್ಲಿ ಹೋದರೆ ಹೆಡ್‌ಮಾಸ್ತರರ ಮುಖ ನೋಡಬೇಕಲ್ಲ ಎಂದು ಹೊತ್ತು ತಂದೆ. ಬಿಚ್ಚಿದರೆ ಎರಡು ಬ್ಯಾಟು, ಒಂದಿಷ್ಟು ಚೆಂಡು, ಕಬ್ಬಿಣದ ಜಾಳಿಗೆಯ ಒಂದು ಮುಖವಾಡ, ಒಂಬತ್ತು ಗ್ಲೌಸು. ಎಂಟು ಗ್ಲೌಸು ಒಂದೇ ಥರ. ಒಂಬತ್ತನೆಯದು ಮಾತ್ರ ದುಂಡಗೆ, ದಪ್ಪಗೆ, ರೊಟ್ಟಿಯಷ್ಟು ಅಗಲ. ಅದು ಕ್ಯಾಚರ್‌ದು ಎಂದು ನನಗೆ ಗೊತ್ತಾದದ್ದು ಆಮೇಲೆ.

ನಾನು ಖೋಖೋದವಳು. ನೇಸರಗಿಯ ಹತ್ತಿರದ ಈ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಬೇಸ್‌ಬಾಲ್ ಕಲಿಸಲು ಮೂರು ದಿನ ಬೆಳಗಾವಿಯಲ್ಲಿ ತರಬೇತಿ ಕೊಟ್ಟರು. ಅದರಲ್ಲಿ ಒಂದೂವರೆ ದಿನ ಭಾಷಣಕ್ಕೇ ಹೋಯಿತು. ಉಳಿದದ್ದರಲ್ಲಿ ತಿಳಿದಷ್ಟನ್ನು ಕಟ್ಟಿಕೊಂಡು ಬಂದು, ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಹುಡುಗಿಯರನ್ನು ನಿಲ್ಲಿಸಿದೆ. ಫಸ್ಟ್ ಬೇಸ್, ಸೆಕೆಂಡ್ ಬೇಸ್ ಎಂದರೆ ಅವರ ತಲೆಗೆ ಹೋಗಲೊಲ್ಲದು. ಅವರೇ ಹೆಸರಿಟ್ಟುಕೊಂಡರು. ಹೊಡೆದವಳು ಹೊರಡುವ ಜಾಗ ಮನಿ. ಅಲ್ಲಿಂದ ಮೊದಲ ಬೇಸು ನೇಸರಗಿ, ಎರಡನೆಯದು ಬೈಲಹೊಂಗಲ, ಮೂರನೆಯದು ಯರಗಟ್ಟಿ, ಅಲ್ಲಿಂದ ಓಡಿ ಮತ್ತೆ ಮನಿ. ದೂರದಲ್ಲಿ ಚೆಂಡು ಕಾಯುವ ಮೂರು ಜಾಗಗಳಿಗೆ ಕಿತ್ತೂರು, ಸವದತ್ತಿ, ರಾಮದುರ್ಗ. ಸಮಾಜ ವಿಜ್ಞಾನದ ಮಾಸ್ತರರು ಕಿಟಕಿಯಲ್ಲಿ ನಿಂತು ನೋಡಿ, "ಮೇಡಂ, ನಾ ವರ್ಷಾನುಗಟ್ಟಲೆ ಕಲಿಸಿದ ನಕಾಶೆ ಹದಿನೈದ ದಿನದಾಗ ಕೆಡಿಸಿದ್ರಿ" ಎಂದರು.

ಬಲಗಡೆಯ ತುದಿಗೆ, ಕಬ್ಬಿನ ಹೊಲದ ಬೇಲಿಗೆ ಹತ್ತಿಕೊಂಡು, ರಾಮದುರ್ಗ. ಅಲ್ಲಿಗೆ ಚೆಂಡು ಬರುವುದು ಅಪರೂಪ. ಹೊಸದಾಗಿ ಕಲಿತ ಹುಡುಗಿಯರೆಲ್ಲ ಎಡಕ್ಕೇ ಎಳೆದು ಹೊಡೆಯುತ್ತಾರೆ. ಹಾಗಾಗಿ ಯಾರಿಗೆ ಏನೂ ಬರುವುದಿಲ್ಲವೋ ಅವರನ್ನು ಅಲ್ಲಿ ನಿಲ್ಲಿಸುವುದು ರೂಢಿ. "ಆಕೀಗಿ ರಾಮದುರ್ಗಕ್ಕ ವರ್ಗಾ ಆತು" ಎಂದು ಹುಡುಗಿಯರು ನಗುತ್ತಿದ್ದರು. ರಾಮದುರ್ಗದವರು ಕ್ಷಮಿಸಬೇಕು. ನಗುವವರಲ್ಲಿ ನಾನೂ ಇದ್ದೆ.

ನನ್ನದೊಂದು ಪದ್ಧತಿಯಿತ್ತು. ಒಬ್ಬಳಿಗೆ ಒಂದು ಜಾಗ. ಮೊದಲ ವಾರದಲ್ಲಿ ಎಲ್ಲರನ್ನೂ ನೋಡುವುದು, ಯಾರು ಎಲ್ಲಿಗೆ ಎಂದು ತೀರ್ಮಾನಿಸುವುದು, ಆಮೇಲೆ ಬ್ರಹ್ಮ ಬಂದರೂ ಬದಲಿಸುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನಲವತ್ತು ನಿಮಿಷ ಸಿಗುತ್ತಿತ್ತು. ಅಷ್ಟರಲ್ಲಿ ಎಲ್ಲರಿಗೂ ಎಲ್ಲವನ್ನೂ ಕಲಿಸುತ್ತ ಕುಳಿತರೆ ಯಾರಿಗೂ ಯಾವುದೂ ಬರುವುದಿಲ್ಲ ಎಂಬುದು ನನ್ನ ವಾದ. ಅದು ಪೂರ್ತಿ ಸುಳ್ಳೂ ಅಲ್ಲ. ಎರಡು ವರ್ಷ ನಾವು ತಾಲೂಕಿನಲ್ಲಿ ಯಾರಿಗೂ ಸೋಲಲಿಲ್ಲ.

ಕ್ಯಾಚರ್‌ಳನ್ನು ಆರಿಸಿದ್ದು ಮೊದಲ ದಿನವೇ. ಕ್ಯಾಚರ್ ಎಂದರೆ ಬ್ಯಾಟು ಹಿಡಿದವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂರುವವಳು. ಬ್ಯಾಟಿಗೆ ಸಿಗದ ಪ್ರತಿಯೊಂದು ಚೆಂಡೂ ಅವಳ ಕೈಗೇ ಬರಬೇಕು. ಮುಖವಾಡ ಹಾಕಿಸಿ ಒಬ್ಬೊಬ್ಬರನ್ನೇ ಕೂರಿಸಿದೆ. ಚೆಂಡು ಬರುತ್ತಲೇ ಎಲ್ಲರೂ ಕಣ್ಣು ಮುಚ್ಚಿದರು. ಒಂಬತ್ತನೆಯ ಇಯತ್ತೆಯ ಒಬ್ಬಳು ಮಾತ್ರ ಮುಚ್ಚಲಿಲ್ಲ. ನೇಸರಗಿ ಪೇಟೆಯಲ್ಲಿ ಗಾದಿ ಹೊಲಿಯುವವರ ಮಗಳು. ಅವಳ ಅಪ್ಪ ಹತ್ತಿ ಹಿಂಜಿ, ಗಾದಿ, ತಲೆದಿಂಬು ಮಾಡಿ ಕೊಡುತ್ತಿದ್ದರು. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹತ್ತಿಯ ದೂಳು ಹಾರುತ್ತಿದ್ದುದರಿಂದ ಕಣ್ಣು ಮುಚ್ಚಿದರೆ ಕೆಲಸವೇ ಸಾಗುವುದಿಲ್ಲ ಎಂದು ಅವಳೇ ನಗುತ್ತ ಹೇಳಿದಳು.

ಆ ದಪ್ಪ ಗ್ಲೌಸು ಒಂದೇ ಇದ್ದದ್ದು. ನಾಲ್ಕು ತಿಂಗಳಲ್ಲಿ ಅದರೊಳಗಿನ ಮೆತ್ತೆ ಕುಸಿಯಿತು. ಹೊಸದನ್ನು ಕೇಳಿದರೆ ಅರ್ಜಿ ಕೊಡಿ ಎಂದರು, ಅರ್ಜಿ ಕೊಟ್ಟರೆ ನೋಡೋಣ ಎಂದರು. ಅವಳ ಅಪ್ಪ ಹೊಲಿಗೆ ಬಿಚ್ಚಿ, ಹೊಸ ಹತ್ತಿ ತುಂಬಿ, ಗಾದಿಯ ದೊಡ್ಡ ಸೂಜಿಯಲ್ಲಿ ಹೊಲಿದು ಕಳಿಸಿದರು. ಅವಳ ಕೈಯ ಅಳತೆಗೆ ಸರಿಯಾಗಿ, ಬೆರಳು ಬೆರಳಿಗೂ ಬೇರೆ ಬೇರೆ ಕುಣಿ ಬಿಟ್ಟು ತುಂಬಿದ್ದರು. ಬೇರೆ ಯಾರಾದರೂ ಹಾಕಿಕೊಂಡರೆ ಕೈಯೇ ಕೂರುತ್ತಿರಲಿಲ್ಲ. ನನಗೆ ಅದು ಬಹಳ ಹಿಡಿಸಿತು. ನನ್ನ ಪದ್ಧತಿಗೆ ಚರ್ಮದ ಮುದ್ರೆ ಬಿದ್ದಂತಾಯಿತು.

ಇನ್ನೊಬ್ಬಳ ವಿಷಯ ಹೇಳಬೇಕು. ಅವಳು ರಾಮದುರ್ಗದಲ್ಲಿ ನಿಲ್ಲುತ್ತಿದ್ದ ಹುಡುಗಿ, ಕ್ಯಾಚರ್‌ಳಿಗಿಂತ ಒಂದು ವರ್ಷ ಸಣ್ಣವಳು. ಮೊದಲ ವಾರದಲ್ಲಿ ಅವಳು ಎಸೆದ ಚೆಂಡು ನೇಸರಗಿಗೆ ಹೋಗುವ ಬದಲು ಹೆಡ್‌ಮಾಸ್ತರರ ಸ್ಕೂಟರಿಗೆ ಹೋಗಿ ಬಿತ್ತು. ಅಲ್ಲಿಗೆ ಅವಳ ಹಣೆಬರಹ ಬರೆದು ಮುಗಿಸಿದೆ. ಎಲ್ಲರಿಗಿಂತ ಮುಂಚೆ ಬಂದು ಬೇಸಿನ ಗುರುತಿಗೆ ಇಡುವ ಮಣ್ಣಿನ ಚೀಲಗಳನ್ನು ಹೊತ್ತು ಜೋಡಿಸುತ್ತಿದ್ದಳು, ಸುಣ್ಣ ಹಾಕುತ್ತಿದ್ದಳು, ಆಮೇಲೆ ಹೋಗಿ ಬೇಲಿಯ ಹತ್ತಿರ ನಿಲ್ಲುತ್ತಿದ್ದಳು. ನಾನು ಅವಳನ್ನು ಒಳ್ಳೆಯ ಹುಡುಗಿ ಎನ್ನುತ್ತಿದ್ದೆ. ತಂಟೆಯಿಲ್ಲದವರನ್ನು ನಾವು ಮಾಸ್ತರ ಮಂದಿ ಒಳ್ಳೆಯವರು ಅಂದುಬಿಡುತ್ತೇವೆ, ಮತ್ತೆ ಅವರ ಕಡೆ ನೋಡುವುದಿಲ್ಲ.

ಬೈಲಹೊಂಗಲದ ಕಡೆಯ ಒಂದು ಶಾಲೆಯಲ್ಲಿ ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣ ಮಾಸ್ತರನೊಬ್ಬನಿದ್ದ. ಅವನ ಪದ್ಧತಿ ನನ್ನದಕ್ಕೆ ತದ್ವಿರುದ್ಧ. ಪ್ರತಿ ಇನ್ನಿಂಗ್ಸಿಗೂ ಅವನ ಹುಡುಗಿಯರು ಒಂದೊಂದು ಜಾಗ ಮುಂದಕ್ಕೆ ಸರಿಯುತ್ತಿದ್ದರು. ಈಗ ಬೇಲಿಯ ಹತ್ತಿರ ನಿಂತವಳು ಇನ್ನೊಂದು ಗಳಿಗೆಗೆ ಚೆಂಡು ಎಸೆಯುವವಳು, ಮತ್ತೊಂದು ಗಳಿಗೆಗೆ ಕ್ಯಾಚರ್. ನಮ್ಮ ಜೊತೆ ಆಡಿದಾಗ ಅವರ ನಾಲ್ಕಕ್ಕೆ ನಮ್ಮವು ಹದಿನೇಳು ರನ್ನು. ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ.

"ಸರ, ನಿಮ್ಮ ಹುಡುಗ್ಯಾರು ಆಡಾಕ ಬಂದಾರೋ, ಊರೂರು ನೋಡಾಕ ಬಂದಾರೋ?" ಎಂದೆ.

ಅವನು ನಕ್ಕ. "ಎರಡೂ ಐತ್ರಿ ಮೇಡಂ." ಆಮೇಲೆ ನಮ್ಮ ಕ್ಯಾಚರ್ ಕಡೆ ನೋಡಿ, "ಈಕಿ ಛಲೋ ಅದಾಳ್ರಿ. ಆದ್ರ ಒಂದ ದಿನ ಜ್ವರಾ ಬಂದು ಮಲಗಿದ್ಲಂದ್ರ ಏನ್ ಮಾಡತೀರಿ?" ಎಂದು ಕೇಳಿದ.

"ಆಕಿ ಮಲಗೂ ಪೈಕಿ ಅಲ್ಲ ತಗೋರಿ" ಎಂದೆ.

ಅವಳು ಪಕ್ಕದಲ್ಲೇ ನೀರು ಕುಡಿಯುತ್ತಿದ್ದಳು. ನಾನು ಅವಳ ಬೆನ್ನು ತಟ್ಟಿದೆ. ಹೊಗಳಿದೆ ಎಂದೇ ನಾನು ತಿಳಿದಿದ್ದೆ.

ಎರಡನೆಯ ವರ್ಷ ಜಿಲ್ಲಾ ಮಟ್ಟಕ್ಕೆ ಹೋಗುವ ನಾಲ್ಕು ದಿನ ಮುಂಚೆ, ಬ್ಯಾಟಿನ ತುದಿಗೆ ತಾಗಿದ ಒಂದು ಚೆಂಡು ಗ್ಲೌಸು ಹಾಕಿದ ಅವಳ ಎಡಗೈಯ ತೋರುಬೆರಳಿಗೆ ಬಂದು ಬಡಿಯಿತು. ಅವಳು ಕೈ ಝಾಡಿಸಿದ್ದನ್ನು ನೋಡಿದೆ. "ಏನಾತವಾ?" ಎಂದೆ. "ಏನಿಲ್ರಿ" ಎಂದಳು. ಮರುದಿನ ಎರಡೂ ಕೈಗೆ ಮೊಣಕೈವರೆಗೆ ಮೆಹಂದಿ ಹಾಕಿಕೊಂಡು ಬಂದಳು. ಚಿಕ್ಕಪ್ಪನ ಮನೆಯಲ್ಲಿ ಲಗ್ನ ಎಂದಳು. ಬಣ್ಣ ಚೆನ್ನಾಗಿ ಹತ್ತಿದೆ ಎಂದು ನಾನೇ ಕೈ ಹಿಡಿದು ಹೊಗಳಿದೆ. ಎಡಗೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಅದು ನನ್ನ ತಲೆಗೆ ಹೋಗಲಿಲ್ಲ.

ಜಿಲ್ಲೆಯ ಆಟ ಬೆಳಗಾವಿಯಲ್ಲಿ. ಶಾಲಾ ಮಟ್ಟದಲ್ಲಿ ಐದೇ ಇನ್ನಿಂಗ್ಸು. ಮೂರು ಮುಗಿದಾಗ ನಾವು ಒಂದು ರನ್ನು ಮುಂದಿದ್ದೆವು. ಹುಡುಗಿಯರು ನೆರಳಿಗೆ ಬಂದರು. ಕ್ಯಾಚರ್ ಮುಖವಾಡ ತೆಗೆದಳು, ಗ್ಲೌಸು ತೆಗೆಯಲಿಲ್ಲ. ರಾಮದುರ್ಗದ ಹುಡುಗಿ ಅವಳ ಮುಂದೆ ಕುಳಿತು, ಮಗುವಿನ ಕಾಲಿನಿಂದ ಕಾಲುಚೀಲ ತೆಗೆಯುವ ಹಾಗೆ, ಸಾವಕಾಶ ಗ್ಲೌಸು ಎಳೆದಳು. ಬೆರಳು ಹೊರಗೆ ಬಂತು. ಮೆಹಂದಿಯ ಕೆಳಗೆ ಬದನೆಕಾಯಿಯ ಬಣ್ಣ, ಗೆಣ್ಣು ಎಲ್ಲಿದೆ ಎಂದು ತಿಳಿಯದಷ್ಟು ಬಾವು. ಲಗ್ನವೂ ಇರಲಿಲ್ಲ, ಏನೂ ಇರಲಿಲ್ಲ.

"ಯಾಕ ಹೇಳಲಿಲ್ಲ?" ಎಂದೆ.

"ನೀವ ಅಂದಿದ್ರೆಲ್ರೀ" ಎಂದಳು, "ಆಕಿ ಮಲಗೂ ಪೈಕಿ ಅಲ್ಲ ಅಂತ."

ಇಲ್ಲಿಂದ ಮುಂದಿನದನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಆಟ ನಿಲ್ಲಿಸಿ ಅವಳನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು. ಗೊತ್ತಿತ್ತು. ಆದರೆ ಆ ಮುಖವಾಡ ಹಾಕಿ ಕೂತವರು ಎರಡು ವರ್ಷದಲ್ಲಿ ಬೇರೆ ಯಾರೂ ಇಲ್ಲ, ಹಾಗೆ ನಾನೇ ಮಾಡಿಟ್ಟಿದ್ದೆ. ಒಂದೇ ರನ್ನಿನ ಅಂತರ. ಗೆದ್ದರೆ ಫೈನಲ್, ಅಲ್ಲಿ ಗೆದ್ದರೆ ವಿಭಾಗ ಮಟ್ಟ. ನನ್ನ ಬಾಯಿಂದ ಬಂದ ಮಾತು ಇದು: "ಇನ್ನ ಎರಡ ಇನ್ನಿಂಗ್ಸ್ ಅದಾವವಾ. ಆಗತದೇನ?"

ಹದಿನೈದು ವರ್ಷದ ಹುಡುಗಿಯನ್ನು ಹಾಗೆ ಕೇಳಿದರೆ ಅವಳು ಏನೆಂದಾಳು? ಉಳಿದವರೆಲ್ಲರ ಮುಖ ನೋಡಿದಳು. "ಆಗತದ್ರಿ ಮೇಡಂ" ಎಂದಳು.

ಆಗ ರಾಮದುರ್ಗದ ಹುಡುಗಿ ಎದ್ದು ನಿಂತಳು. "ನಾ ಕುಂದರತೇನ್ರಿ ಮೇಡಂ, ಆಕಿ ಬ್ಯಾಡ್ರಿ."

"ಹುಚ್ಚಿ, ಅಲ್ಲಿ ಬಾಲ್ ಹೆಂಗ ಬರತದಂತರ ಗೊತ್ತದ ಏನ ನಿನಗ? ಹೋಗ, ನಿನ್ನ ಜಾಗಾಕ ಹೋಗಿ ನಿಂದರು" ಎಂದು ಗದರಿಸಿದೆ.

ನನ್ನ ಕೈಯಾರೆ ಆ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಬಟ್ಟೆ ಸುತ್ತಿದೆ, ನನ್ನ ಕೈಯಾರೆ ಗ್ಲೌಸಿನೊಳಗೆ ತೂರಿಸಿದೆ. ಅವಳು ಹಲ್ಲು ಕಚ್ಚಿ ನೆಲ ನೋಡುತ್ತಿದ್ದಳು. ಎರಡು ಇನ್ನಿಂಗ್ಸೂ ಕೂತಳು. ಒಂದು ಚೆಂಡನ್ನೂ ಬಿಡಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ, ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. ಗೆದ್ದೆವು. ಹುಡುಗಿಯರು ಕುಣಿದರು, ನಾನೂ ಚಪ್ಪಾಳೆ ತಟ್ಟಿದೆ.

ಸಂಜೆ ಆಸ್ಪತ್ರೆಯಲ್ಲಿ ಬೆರಳು ಎರಡು ಕಡೆ ಮುರಿದಿದೆ ಎಂದರು. ಯಾವಾಗ ಆಯಿತು ಎಂದು ಡಾಕ್ಟರು ಕೇಳಿದರು. "ಇವತ್ತ ಆಟದಾಗ್ರಿ" ಎಂದೆ. ಅವಳು ನನ್ನ ಮುಖ ನೋಡಿದಳು. ಫೈನಲ್‌ನಲ್ಲಿ ಚೆಂಡು ಎಸೆಯುವವಳನ್ನು ಕ್ಯಾಚರ್ ಮಾಡಿ, ಮತ್ತೊಬ್ಬಳ ಕೈಗೆ ಚೆಂಡು ಕೊಟ್ಟು, ಇಬ್ಬರಿಗೂ ಏನೂ ಬಾರದೆ, ಹೀನಾಯವಾಗಿ ಸೋತು ಬಂದೆವು.

ಎಂಟು ದಿನದ ಮೇಲೆ ಅವಳ ಅಪ್ಪ ಶಾಲೆಗೆ ಬಂದರು. ಜಗಳಕ್ಕೆ ಬಂದರೆಂದು ನಾನು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡೆ. ಅವರು ಕೇಳಿದ್ದು ಆ ಗ್ಲೌಸನ್ನು. ನನ್ನ ಮೇಜಿನ ಮೇಲೇ ಇಟ್ಟು, ಕಿಸೆಯಿಂದ ಬ್ಲೇಡು ತೆಗೆದು ಹೊಲಿಗೆ ಬಿಚ್ಚಿದರು. ತೋರುಬೆರಳಿನ ಕೆಳಗಿನ ಹತ್ತಿಯನ್ನು ಎಳೆದು ತೋರಿಸಿದರು. ಒತ್ತಿ ಒತ್ತಿ ಗಟ್ಟಿಯಾಗಿ, ಹಳೆಯ ಬೆಲ್ಲದ ಚೂರಿನ ಹಾಗೆ ಆಗಿತ್ತು.

"ನೋಡ್ರಿ ಮೇಡಂ, ಕಲ್ಲಾಗೇತಿ. ಒಂದ ಕಡೇನ ಮಲಕ್ಕೊಂತ ಹೋದ್ರ ಗಾದೀನೂ ಹಿಂಗ ಆಗತದ್ರಿ. ಮಲಗಿದ ಕಡೆ ಕಲ್ಲು, ಮಲಗದ ಮೂಲ್ಯಾಗ ಗಂಟು. ಆಗಾಗ ಹೊಳ್ಳಿಸಿ ಹಾಕ್ರಿ ಅಂತ ಎಲ್ಲಾರಿಗೂ ಹೇಳತೇನಿ. ಯಾರ್ ಕೇಳತಾರ." ಆ ಚೂರನ್ನು ಮೇಜಿನ ಮೇಲಿಟ್ಟು ಹೇಳಿದರು, "ನಂದ ತಪ್ಪರಿ. ನಡಬರಕ ಬಿಚ್ಚಿ ನೋಡಬೇಕಾಗಿತ್ತು. ನನ್ನ ಹತ್ತಿ ಸರಿ ಇದ್ದಿದ್ರ ಬೆರಳ ಉಳೀತಿತ್ತು."

ನಾನು ಚಹಾ ತರಿಸಿದೆ. ಅವರು ಬಶಿಗೆ ಸುರುವಿಕೊಂಡು ಕುಡಿದರು. ಕುಡಿದು ಮುಗಿದರೂ ಏಳಲಿಲ್ಲ. ಆಮೇಲೆ ಕೇಳಿದರು, "ಬೆರಳ ಆ ದಿನ ಆಟದಾಗನ ಮುರೀತೇನ್ರಿ?"

"ಹೂಂರಿ. ಆಟದಾಗ" ಎಂದೆ.

"ಹೌದ್ರಿ" ಎಂದು ಎದ್ದು ಹೋದರು. ಮರುದಿನ ಗ್ಲೌಸು ಹೊಸ ಹತ್ತಿ ತುಂಬಿಕೊಂಡು ಬಂತು.

ಅವಳು ಹತ್ತನೆಯದು ಪಾಸಾಗಿ ಬೈಲಹೊಂಗಲದ ಕಾಲೇಜಿಗೆ ಸೇರಿದಳು. ಕೂಡಿಸಿದ ಬೆರಳು ನೆಟ್ಟಗೇ ಉಳಿಯಿತು, ಮಡಚುವುದಿಲ್ಲ. ಜೂನಿನಲ್ಲಿ ಶಾಲೆ ಶುರುವಾದಾಗ ನಾನು ಮೈದಾನಕ್ಕೆ ಹೋದರೆ ಬೇಸಿನ ಚೀಲಗಳು ಕೋಣೆಯಲ್ಲೇ ಇದ್ದವು. ರಾಮದುರ್ಗದ ಹುಡುಗಿ ಬಂದಿರಲಿಲ್ಲ. ತರಗತಿಗೆ ಹೋಗಿ ಕರೆದೆ.

"ಯಾಕವಾ, ಆಡೂದ ಬಿಟ್ಟಿಯೇನು?"

"ನಾ ಎಲ್ಲಿ ಆಡೀನ್ರಿ ಮೇಡಂ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡ ವರ್ಷ ನಿಂತೀನಿ. ಬಾಲ್ ನನ್ನ ಕಡೆ ಬಂದಿದ್ದು ಆರು ಸಲರಿ."

ಆರು. ಅವಳು ಎಣಿಸಿದ್ದಳು. ಒಬ್ಬಳ ಕೈಗೆ ಸಾವಿರಗಟ್ಟಲೆ ಚೆಂಡು ಬಡಿಸಿದ್ದೆ, ಇನ್ನೊಬ್ಬಳಿಗೆ ಆರು. ಎರಡೂ ನನ್ನ ಒಂದೇ ಪದ್ಧತಿಯಿಂದ ಆದದ್ದು. ಅಂದು ಸ್ಟಾಫ್ ರೂಮಿನಲ್ಲಿ ಕುಳಿತಾಗ ನನ್ನ ಮೇಲೆ ನನಗೇ ಹೇಸಿಕೆ ಬಂತು.

ಮಾರನೆಯ ದಿನ ಅವಳನ್ನು ಮೈದಾನಕ್ಕೆ ಕರೆದು ಮುಖವಾಡ ಹಾಕಿಸಿದೆ. ಪ್ರತಿ ಚೆಂಡಿಗೂ ಕಣ್ಣು ಮುಚ್ಚಿದಳು. ಮುಚ್ಚಲಿ ಎಂದೆ. ಇನ್ನಿಂಗ್ಸಿಗೊಮ್ಮೆ ಎಲ್ಲರೂ ಸರಿಯಬೇಕು ಎಂದು ನಿಯಮ ಮಾಡಿದೆ. ಸುಳ್ಳು ಹೇಳಲಾರೆ, ಜಾಗ ತಿರುಗಿಸಿದರೆ ತಂಡ ಸೋಲುತ್ತದೆ. ಬೈಲಹೊಂಗಲದ ಆ ಮಾಸ್ತರನ ಹುಡುಗಿಯರು ನಮ್ಮನ್ನು ಸೋಲಿಸಿದರು. ಅವನು ಒಂದು ಮಾತೂ ಆಡಿಕೊಳ್ಳಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿತು. "ಹಿಂದ ಕಪ್ ಬರತಿತ್ತು, ಈಗ ಬರೇ ದೂಳ ಬರಾಕ ಹತ್ತೇತಿ" ಎಂದು ಹೆಡ್‌ಮಾಸ್ತರರು ಅಂದರು. ಚೆನ್ನಾಗಿ ಎಸೆಯುವ ಒಬ್ಬಳು, ನನ್ನ ಜಾಗ ನನಗೇ ಇರಲಿ ಎಂದು ಅತ್ತಳು. ಅವಳ ಅಳುವಿಗೂ ಅರ್ಥವಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಯಾವುದು ಸರಿ ಎಂದು ಕಣ್ಣು ಮುಚ್ಚಿ ಹೇಳುವ ಧೈರ್ಯ ನನ್ನಲ್ಲಿ ಉಳಿದಿಲ್ಲ. ಒಬ್ಬಳಿಗೆ ನೋವಾದರೆ ಎದ್ದು ಬರಲು ದಾರಿ ಇರಬೇಕು, ಅಷ್ಟು ಮಾತ್ರ ಗೊತ್ತು.

ಈ ವರ್ಷ ಆ ಗ್ಲೌಸಿನ ಹೊಲಿಗೆ ಮತ್ತೆ ಬಿಚ್ಚಿತು. ಒಬ್ಬಳ ಕೈಗೆ ಮಾಡಿದ್ದರಲ್ಲಿ ಎಲ್ಲರೂ ಕೈ ತೂರಿಸಿ ಎಳೆದಾಡಿದರೆ ಇನ್ನೇನಾಗುತ್ತದೆ. ಮಕ್ಕಳ ಕೈಯಲ್ಲಿ ಕಳಿಸಬಹುದಿತ್ತು. ಮೂರು ದಿನ ಹಾಗೇ ಇಟ್ಟುಕೊಂಡೆ. ನಾಲ್ಕನೆಯ ದಿನ ನಾನೇ ನೇಸರಗಿ ಪೇಟೆಗೆ ಹೋದೆ. ಅವರು ಅಂಗಡಿಯಲ್ಲಿ ಗಾದಿಯೊಂದಕ್ಕೆ ಟಾಕಿಯ ಹೊಲಿಗೆ ಹಾಕುತ್ತಿದ್ದರು. ಕಾಲೇಜಿಗೆ ಸೂಟಿ ಇದ್ದುದರಿಂದ ಮಗಳು ಒಳಗೆ ತಲೆದಿಂಬು ತುಂಬುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಬರ್ರಿ ಮೇಡಂ, ಕುಂದರ್ರಿ" ಎಂದು ಅವರು ಹತ್ತಿಯ ಮೂಟೆ ಸರಿಸಿದರು.

ಕೂತರೆ ಮಾತು ಹೊರಡುವುದಿಲ್ಲ ಎಂದು ಗೊತ್ತಿತ್ತು, ನಿಂತೇ ಹೇಳಿದೆ. ಬೆರಳಿಗೆ ನಾಲ್ಕು ದಿನ ಮುಂಚೆಯೇ ಪೆಟ್ಟಾಗಿತ್ತು, ಆಟದ ನಡುವೆ ನಾನು ನೋಡಿದೆ, ನೋಡಿಯೂ ಇನ್ನೆರಡು ಇನ್ನಿಂಗ್ಸು ಕೂರಿಸಿದೆ, ನಾನೇ ಬಟ್ಟೆ ಕಟ್ಟಿದೆ. ನಿಮ್ಮ ಹತ್ತಿಯ ತಪ್ಪಲ್ಲ ಎಂದೆ.

ಅವರ ಸೂಜಿ ನಿಲ್ಲಲಿಲ್ಲ. ಒಂದು ಸಾಲು ಮುಗಿಸಿ ದಾರ ಕಡಿದರು.

"ಗೊತ್ತೈತ್ರಿ. ಆಕಿ ಅವತ್ತ ಮನೀಗಿ ಬಂದಕೂಡಲೇ ಹೇಳಿದ್ಲು."

"ಮತ್ತ ಸಾಲಿಗೆ ಬಂದಾಗ ನಂದ ತಪ್ಪು ಅಂದ್ರೆಲ್ರಿ."

"ಅದೂ ಖರೇನರಿ, ಹತ್ತಿ ಕಲ್ಲಾಗಿತ್ತು" ಎಂದರು. "ನಂದ ನಾ ಹೇಳಿದ್ರ, ನಿಮ್ಮದ ನೀವೂ ಹೇಳತೀರೇನೋ ಅಂತ ಕುಂತಿದ್ದೆರಿ."

ನನಗೆ ಆ ಬಶಿಯ ಚಹಾ ನೆನಪಾಯಿತು. ಕುಡಿದು ಮುಗಿದ ಮೇಲೂ ಅವರು ಕೂತಿದ್ದದ್ದು ನೆನಪಾಯಿತು. ಎದುರಿಗೆ ಕುಳಿತು ನನಗೆ ಅಷ್ಟು ಹೊತ್ತು ಕೊಟ್ಟಿದ್ದರು, ಮತ್ತೆ ಬಾಯಿ ಬಿಟ್ಟು ಕೇಳಿಯೂ ಕೇಳಿದ್ದರು. ತಪ್ಪಾಯಿತು ಎಂದೆ. ಅವರಿಗೂ ಅಂದೆ, ಒಳಗೆ ನಿಂತಿದ್ದ ಅವಳಿಗೂ ಅಂದೆ. ಅವಳು, "ಇರಲಿ ಬಿಡ್ರಿ ಮೇಡಂ" ಎಂದಳು. ಇರಲಿ ಎಂದಳೇ ಹೊರತು ಏನೂ ಆಗಿಲ್ಲ ಎನ್ನಲಿಲ್ಲ.

ಅವರು ಗ್ಲೌಸು ತೆಗೆದುಕೊಂಡು ಒಳಗೆ ಕೈ ಹಾಕಿ ನೋಡಿದರು. "ಈಗ ಎಷ್ಟ ಮಂದಿ ಹಾಕ್ಕೋತಾರ್ರಿ ಇದನ್ನ?"

"ಹದಿನಾಲ್ಕು ಮಂದಿ."

"ಹಂಗಾರ ಕುಣಿ ಬ್ಯಾಡ್ರಿ. ಸಡಲ ತುಂಬತೇನಿ."

ಹಳೆಯ ಹತ್ತಿ ಕಿತ್ತು ಹೊಸದು ತುಂಬಿದರು. ಹೊಲಿಯುವಾಗ ಗ್ಲೌಸಿನ ಬಾಯಿ ಅಗಲಿಸಿ ಹಿಡಿಯಲು ಮಗಳನ್ನು ಕರೆದರು. ಅವಳು ಬಂದು ಎಡಗೈಯಲ್ಲಿ ಒಂದು ಬದಿ ಹಿಡಿದಳು. ಉಳಿದ ಬೆರಳುಗಳು ಮಡಚಿ ಚರ್ಮವನ್ನು ಹಿಡಿದವು, ಆ ಒಂದು ನೆಟ್ಟಗೆ ನಿಂತಿತು. ಹಿಡಿತ ಜಾರುತ್ತಿತ್ತು. ನಾನು ಮೂಟೆಯ ಮೇಲೆ ಕುಳಿತು ಇನ್ನೊಂದು ಬದಿ ಹಿಡಿದುಕೊಂಡೆ.